ಹೊಲಿಗೆಯ ಮೇಲೆ ಅರಿಶಿನ ಬೇಡ

ಸಿಸೇರಿಯನ್ ಹೆರಿಗೆಯಾದ ಬಾಣಂತಿ ಮನೆಗೆ ಬಂದೊಡನೆ ಹೊಲಿಗೆಯ ಮೇಲೆ ಅರಿಶಿನ, ಬೇವಿನ ಲೇಪ, ಎಣ್ಣೆ ಹಚ್ಚುವ ರೂಢಿ ಕೆಲವೆಡೆ ಇನ್ನೂ ಉಳಿದಿದೆ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಇದು ಸಲ್ಲದು. ಅಡುಗೆಮನೆಯ ಅರಿಶಿನವು ರೋಗಾಣುರಹಿತವಾದ ಔಷಧವಲ್ಲ. ಅದರೊಡನೆ ಸೋಂಕೂ ಹಸಿಗಾಯವನ್ನು ಸೇರಬಹುದು.

ನಂಜನ್ನು ತಡೆಯುವ ಮುಖ್ಯ ಕಾರ್ಯ ನಡೆಯುವುದು ಶಸ್ತ್ರಕ್ರಿಯೆಗೆ ಮುನ್ನವೇ. ಉದರದ ಚರ್ಮಕ್ಕೆ ನಂಜುನಿರೋಧಕ ದ್ರಾವಣವನ್ನು ಸವರಿ, ಅದು ಪೂರ್ತಿ ಒಣಗಿದ ಬಳಿಕ ಛೇದನ ಮಾಡುತ್ತಾರೆ. 1,147 ತಾಯಂದಿರನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅಯೋಡಿನ್-ಆಲ್ಕೋಹಾಲ್ ಬಳಸಿದವರಲ್ಲಿ ಶೇ. 7.3ರಷ್ಟು ಮಂದಿಗೆ ಗಾಯದ ಸೋಂಕು ತಗುಲಿತು. ಕ್ಲೋರ್‌ಹೆಕ್ಸಿಡಿನ್-ಆಲ್ಕೋಹಾಲ್ ಬಳಸಿದವರಲ್ಲಿ ಅದು ಶೇ. 4 ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯೂ ಶಸ್ತ್ರಕ್ರಿಯೆಗೆ ಮುನ್ನ ಚರ್ಮಶುದ್ಧಿಗೆ ಇದನ್ನೇ ಸೂಚಿಸುತ್ತದೆ.

ಇದನ್ನು ಒಪ್ಪುವುದರಿಂದ ಆಯುರ್ವೇದಕ್ಕೆ ಕುಂದಿಲ್ಲ. ಗುಗ್ಗುಳ, ಬೇವು, ಸಾಸಿವೆಗಳ ಧೂಪದಿಂದ ವ್ರಣವನ್ನು ರಕ್ಷಿಸಬೇಕೆಂದ ಸುಶ್ರುತಾಚಾರ್ಯರ ಆಶಯವೂ ಶುಚಿತ್ವವೇ. ಆ ಆಶಯವನ್ನು ಇಂದು ಈ ದ್ರಾವಣಗಳು ಹೆಚ್ಚು ಖಚಿತವಾಗಿ ನೆರವೇರಿಸುತ್ತಿವೆ.

ಮನೆಯವರು ಮಾಡಬೇಕಾದುದು ಸರಳ. ಸಾಬೂನಿನಿಂದ ಕೈತೊಳೆಯದೆ ಗಾಯವನ್ನು ಮುಟ್ಟಬಾರದು. ಅದನ್ನು ಶುಚಿಯಾಗಿಯೂ ಒಣಗಿಯೂ ಇರಿಸಬೇಕು. ನೀರೆರೆಯುವಾಗ ಹೊಲಿಗೆಯನ್ನು ತಿಕ್ಕಬಾರದು. ಜ್ವರ, ಹೆಚ್ಚುತ್ತಿರುವ ಕೆಂಪು ಅಥವಾ ನೋವು, ಕೀವು, ದುರ್ವಾಸನೆ ಕಂಡರೆ, ಹೊಲಿಗೆ ಬಿಚ್ಚಿಕೊಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಮದ್ದಿನಲ್ಲಿ ದಿನ ಕಳೆಯಬಾರದು.

ಬಾಣಂತಿಗೆ ಹಿರಿಯರ ಆರೈಕೆ ಬೇಕೇ ಬೇಕು. ಅದು ಆಕೆಯ ಊಟದಲ್ಲಿ, ವಿಶ್ರಾಂತಿಯಲ್ಲಿ ತೋರಲಿ. ಗಾಯವನ್ನು ಮಾತ್ರ ಶಸ್ತ್ರವೈದ್ಯರ ಸಲಹೆಗೆ ಬಿಡಲಿ ಎಂಬುದು ಭಕ್ತ ಬಂಧುಗಳಲ್ಲಿ ನನ್ನ ವಿನಂತಿ.