ಮೊದಲು ಕಿಟಕಿ, ಆಮೇಲೆ ಕೊಳವೆ

ಲೇಹ್ ಪಟ್ಟಣದಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗಿಳಿಯುವುದುಂಟು. ಬೆಳಗಾದರೆ ಆಕಾಶ ತಿಳಿಯಾಗಿ, ಬಿಸಿಲು ಕಣ್ಣು ಕುಕ್ಕುತ್ತದೆ. ಸುಮಾರು 3,500 ಮೀಟರ್ ಎತ್ತರದ, ಮಳೆ ಅಪರೂಪವಾದ ಆ ಊರಲ್ಲಿ ಮನೆ ಕಟ್ಟಿಸುವವರು ‘ನೆಲದಡಿ ಬಿಸಿನೀರಿನ ಕೊಳವೆ ಹಾಕಿಸಲು ಎಷ್ಟಾಗುತ್ತದೆ’ ಎಂಬ ಪ್ರಶ್ನೆಯಿಂದ ಶುರುಮಾಡಿದರೆ ಲೆಕ್ಕ ಬುಡಮೇಲಾಗುತ್ತದೆ.

ನೆಲ ಕಾಯಿಸುವ ಉಪಾಯ ಕೆಟ್ಟದ್ದೇನಲ್ಲ, ಹೊಸದೂ ಅಲ್ಲ. ಕಾಶ್ಮೀರದ ಹಮಾಮ್‌ನಲ್ಲಿ ಕಲ್ಲುಚಪ್ಪಡಿಯ ಕೆಳಗೆ ಕಟ್ಟಿಗೆ ಉರಿಸುತ್ತಾರೆ. ಚಪ್ಪಡಿ ಕಾಯುತ್ತದೆ, ಅದರ ಮೇಲೆ ಕೂತವರೂ ಬೆಚ್ಚಗಾಗುತ್ತಾರೆ. ಇಂದಿನ ಕೊಳವೆಗೆ 35–40 ಡಿಗ್ರಿಯ ನೀರು ಸಾಕು. ಗಾಳಿಯನ್ನು ಕಾಯಿಸಿ ಚಾವಣಿಗೆ ಕಳಿಸುವ ದೆಹಲಿಯ ಬ್ಲೋವರ್‌ಗಿಂತ ಇದು ಎಷ್ಟೋ ವಾಸಿ. (‘ವಿಕಿರಣ’ ಎಂಬ ಪದ ಕೇಳಿಯೇ ಹೆದರುವವರಿದ್ದಾರೆ. ಒಲೆಯ ಮುಂದೆ ಕೂತಾಗ ಮುಖಕ್ಕೆ ತಾಗುವುದು ಅದೇ. ‘ಕಾವು’ ಎಂದಿದ್ದರೆ ಆಗುತ್ತಿತ್ತು.)

ತೊಡಕು ಬರುವುದು ಬಿಸಿಲನ್ನೂ ಕೊಳವೆಯನ್ನೂ ಒಂದೇ ನೆಲಕ್ಕೆ ಒಪ್ಪಿಸಿದಾಗ. ದಕ್ಷಿಣದ ಗಾಜಿನಿಂದ ಒಳಬಂದ ಶಾಖವನ್ನು ನೆಲವೋ ಗೋಡೆಯೋ ಹಗಲಲ್ಲಿ ಹೀರಿ ರಾತ್ರಿ ಬಿಡಬೇಕು. 20 ಚದರ ಮೀಟರಿನ, 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ನೆಲ ಮೂರೇ ಡಿಗ್ರಿ ಬಿಸಿಯೇರಿದರೂ ಸುಮಾರು ಮೂರೂವರೆ ಯೂನಿಟ್ ವಿದ್ಯುತ್ತಿನಷ್ಟು ಶಾಖ ಅದರಲ್ಲಿ ಉಳಿಯುತ್ತದೆ. ಆದರೆ ಕೊಳವೆಗಳು ರಾತ್ರಿಯಿಡೀ ಅದೇ ನೆಲವನ್ನು ಕಾಯಿಸಿಟ್ಟಿದ್ದರೆ, ಬಿಸಿಲೇರುವ ಹೊತ್ತಿಗೆ ಹೀರಲು ಜಾಗವೆಲ್ಲಿ? ಹೊಟ್ಟೆ ತುಂಬಿದವನ ಎಲೆಗೆ ಮತ್ತೆ ಹೋಳಿಗೆ ಬಡಿಸಿದಂತೆ. ಮಧ್ಯಾಹ್ನ ಕೋಣೆಯಲ್ಲಿ ಸೆಕೆಯಾಗಿ ಕಿಟಕಿ ತೆರೆದರೆ ದುಡ್ಡು ಕೊಟ್ಟ ಶಾಖ, ಪುಕ್ಕಟೆ ಶಾಖ ಎರಡೂ ಹೊರಗೆ. ಥರ್ಮೋಸ್ಟಾಟ್ ಆಗ ನೀರು ನಿಲ್ಲಿಸಿದರೂ ಕಾದ ಕಾಂಕ್ರೀಟು ಗಂಟೆಗಟ್ಟಲೆ ಆರದು.

ಬಿಸಿಲು ಬೀಳುವ ಪಟ್ಟಿಗೆ ಕೊಳವೆ ಹಾಕದೆ, ಉತ್ತರದ ಕೋಣೆಗೂ ಬಚ್ಚಲಿಗೂ ಹಾಕುವುದು ಮೇಲು. ಎಲ್ಲ ಕಡೆಯೂ ಹಾಕಿಯಾಗಿದ್ದರೆ ಬಾಯ್ಲರನ್ನು ಬೆಳಗಿನ ಜಾವಕ್ಕೆ ಮುಂಚೆಯೇ ಆರಿಸಬೇಕು. ಬಿಸಿಲು ಬಂದ ಮೇಲೆ ಪಂಪು ಮಾತ್ರ ಓಡಿಸಿದರೆ ಅದೇ ನೀರು ದಕ್ಷಿಣದ ಕಾವನ್ನು ಉತ್ತರಕ್ಕೆ ಒಯ್ಯುತ್ತದೆ. ಆ ನೆಲದ ಮೇಲೆ ದಪ್ಪ ಕಾರ್ಪೆಟ್ ಹಾಸಿದರೆ ಮಾತ್ರ ಎರಡೂ ಕೆಟ್ಟಂತೆ.

ಕೊಳವೆಯಿಲ್ಲದೆ ಎಷ್ಟು ಸಾಧ್ಯ ಎಂಬುದಕ್ಕೆ ಲೇಹ್ ಬಳಿಯ ಫೇ ಗ್ರಾಮದಲ್ಲಿರುವ, 1988ರಲ್ಲಿ ಶುರುವಾದ ಸೆಕ್‌ಮಾಲ್ ಸಂಸ್ಥೆಯ ಮಣ್ಣಿನ ಕಟ್ಟಡಗಳನ್ನು ನೋಡಬೇಕು. ದಪ್ಪ ಗೋಡೆ, ದಕ್ಷಿಣಕ್ಕೆ ಗಾಜು, ಚಳಿಗಾಲದಲ್ಲಿ ಅದರ ಮುಂದೆ ಪ್ಲಾಸ್ಟಿಕ್ ಹಾಳೆಯ ಗ್ರೀನ್‌ಹೌಸ್. ಲೇಹ್‌ನಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ 32 ಡಿಗ್ರಿಯಷ್ಟೇ ಏರುತ್ತಾನೆ, ಜೂನಿನಲ್ಲಿ 79. ಕಿಟಕಿಯ ಮೇಲೊಂದು ಸಜ್ಜಾ ಇದ್ದರೆ ಬೇಸಿಗೆಯ ಬಿಸಿಲು ಹೊರಗೇ ಉಳಿದು, ಚಳಿಗಾಲದ್ದು ಒಳಬರುತ್ತದೆ. ಬಾಯ್ಲರ್‌ಗೋ ಡೀಸೆಲನ್ನು ಲಾರಿಗಳು ಘಾಟಿ ಹತ್ತಿಸಿ ತರಬೇಕು. ಕರೆಂಟು ಹೋಗಿ ಪಂಪು ನಿಂತರೆ ಕೊಳವೆಯ ನೀರು ಹೆಪ್ಪುಗಟ್ಟದಂತೆ ಬೇರೆ ದ್ರಾವಣ ಬೆರೆಸಬೇಕು.

ದೆಹಲಿಯಲ್ಲಿ ಬಾಡಿಗೆ ಮನೆ ಹುಡುಕುವ ಕನ್ನಡಿಗರಿಗೆ ಕೊಳವೆಯ ಮಾತೇ ಇಲ್ಲ. ಅಲ್ಲಿ ಡಿಸೆಂಬರಿನ ಸೂರ್ಯ ಏರುವುದು 38 ಡಿಗ್ರಿ. ಮಂಜಿಲ್ಲದ ದಿನ ದಕ್ಷಿಣದ ಕಿಟಕಿಯಿಂದ ಬಿಸಿಲು ಮಂಚದವರೆಗೂ ಬರುತ್ತದೆ. ದಕ್ಷಿಣದ ಮನೆ ವಾಸ್ತುವಿಗೆ ಆಗದೆಂದು ಬಿಟ್ಟುಹೋಗುವವರು ಬಿಡಲಿ, ಆ ಮನೆ ಇವರಿಗೆ ಸಿಗುತ್ತದೆ.