ಮೂರನೆಯ ಊರು: ದೆಹಲಿ ಬಿಟ್ಟು ಡೆಹ್ರಾಡೂನಿಗೆ ಹೊರಡುವ ಮುನ್ನ

ನಿವೃತ್ತಿಯ ಅಂಚಿನಲ್ಲಿರುವ ದೆಹಲಿ ಕನ್ನಡಿಗರ ಮುಂದೆ ಒಂದು ಕಾಲಕ್ಕೆ ಎರಡೇ ದಾರಿಗಳಿದ್ದವು. ಗಂಟುಮೂಟೆ ಕಟ್ಟಿ ಧಾರವಾಡಕ್ಕೋ ಮೈಸೂರಿಗೋ ಉಡುಪಿಗೋ ಹಿಂದಿರುಗುವುದು. ಇಲ್ಲವೇ ಮಯೂರ ವಿಹಾರದಲ್ಲೋ ದ್ವಾರಕಾದಲ್ಲೋ ಸಾಲ ಮಾಡಿ ಕೊಂಡ ಮನೆಯಲ್ಲಿಯೇ ಉಳಿದ ಆಯುಷ್ಯವನ್ನು ಕಳೆಯುವುದು. ಈಚಿನ ವರ್ಷಗಳಲ್ಲಿ ಮೂರನೆಯ ದಾರಿಯೊಂದು ಕಾಣಿಸಿಕೊಂಡಿದೆ. ಮಕ್ಕಳು ಗುರುಗ್ರಾಮದಲ್ಲೋ ನೋಯಿಡಾದಲ್ಲೋ ನೆಲೆಸಿರುವುದರಿಂದ ಕರ್ನಾಟಕ ದೂರವಾಯಿತು. ನವೆಂಬರ್ ಬಂತೆಂದರೆ ಉಸಿರಾಡಲಾಗದೆ ದೆಹಲಿ ಬೇಡವಾಯಿತು. ಇವೆರಡರ ನಡುವೆ, ಸುಮಾರು ಇನ್ನೂರೈವತ್ತು ಕಿಲೋಮೀಟರ್ ಅಂತರದಲ್ಲಿ, ಮಸ್ಸೂರಿ ಬೆಟ್ಟದ ಬುಡದಲ್ಲಿರುವ ಡೆಹ್ರಾಡೂನ್ ಕೈಮಾಡಿ ಕರೆಯುತ್ತಿದೆ.

ಈ ಕರೆಗೆ ಓಗೊಡುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಬಹುಮಂದಿ ಈ ನಿರ್ಧಾರವನ್ನು ಕೈಗೊಳ್ಳುವ ಕ್ರಮ ಮಾತ್ರ ವಿಚಾರಾರ್ಹವಾದುದು. ಏಪ್ರಿಲ್ ತಿಂಗಳಲ್ಲಿ ಎರಡು ದಿನದ ಪ್ರವಾಸಕ್ಕೆ ಹೋಗಿ, ರಾಜಪುರ ರಸ್ತೆಯ ತಂಪಿಗೆ ಮನಸೋತು, ಬೆಟ್ಟ ಕಾಣುವ ಬಾಲ್ಕನಿಗೆ ಮುಂಗಡ ಹಣ ಕೊಟ್ಟು ಬರುವವರುಂಟು. ಅವರ ಲೆಕ್ಕದಲ್ಲಿ ಗಾಳಿಯೊಂದೇ ಔಷಧ. ಅರವತ್ತು ದಾಟಿದವರ ಆರೋಗ್ಯಕ್ಕೆ ಗಾಳಿಯಷ್ಟೇ ಮುಖ್ಯವಾದ ಇನ್ನೆರಡು ಸಂಗತಿಗಳಿವೆ: ಆಸ್ಪತ್ರೆಗಿರುವ ದೂರ ಮತ್ತು ಬಾಗಿಲು ತಟ್ಟಿ ವಿಚಾರಿಸುವ ಮನುಷ್ಯರು. ಇವೆರಡನ್ನು ಲೆಕ್ಕಕ್ಕೆ ಹಿಡಿಯದೆ ಊರು ಬದಲಿಸುವುದು ಅವಿವೇಕ.

ಹವಾ ಬದಲಾವಣೆಯ ಮೇಲಿನ ಈ ನಂಬಿಕೆ ಹಳೆಯದು. ಕ್ಷಯರೋಗಕ್ಕೆ ಮದ್ದಿಲ್ಲದ ಕಾಲದಲ್ಲಿ ರೋಗಿಗಳನ್ನು ಮದನಪಲ್ಲಿಯ ಆರೋಗ್ಯಧಾಮಕ್ಕೋ ನೈನಿತಾಲ್ ಬಳಿಯ ಭೋವಾಲಿಗೋ ಕಳುಹಿಸುತ್ತಿದ್ದರು. ಕಮಲಾ ನೆಹರೂ ಅವರು ಚಿಕಿತ್ಸೆಗಾಗಿ ಭೋವಾಲಿಯಲ್ಲಿದ್ದುದು ಇತಿಹಾಸಕ್ಕೆ ಸೇರಿದ ಸಂಗತಿ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿಯಲ್ಪಟ್ಟು, ಅದರ ಹಿಂದೆಯೇ ಬೇರೆ ಔಷಧಗಳೂ ಬಂದ ಮೇಲೆ ಆ ಧಾಮಗಳ ಮಹತ್ವ ಇಳಿಯಿತು. ಕಾಯಿಲೆಯನ್ನು ಗುಣಪಡಿಸಿದ್ದು ಗುಡ್ಡದ ಗಾಳಿಯಲ್ಲ, ಗುಳಿಗೆ ಮತ್ತು ಸೂಜಿಮದ್ದು. ಆದರೂ ‘ಗುಡ್ಡದ ಗಾಳಿ ಒಳ್ಳೆಯದು’ ಎಂಬ ಮಾತು ಮಾತ್ರ ಮನೆಮನೆಗಳಲ್ಲಿ ಉಳಿದುಕೊಂಡಿತು.

ಇನ್ನು, ಡೆಹ್ರಾಡೂನ್ ಎಷ್ಟರಮಟ್ಟಿಗೆ ಗುಡ್ಡದ ಊರು? ನಗರದ ನಡುಭಾಗ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಇದಕ್ಕಿಂತ ಎತ್ತರ, 900 ಮೀಟರ್ ಮುಟ್ಟುತ್ತದೆ. ಮೈಸೂರು ಕೂಡ ಡೆಹ್ರಾಡೂನಿಗಿಂತ ಎತ್ತರದಲ್ಲಿದೆ. ಗುಡ್ಡದ ಊರಿನ ಆಸೆಗೆ ಉತ್ತರಕ್ಕೆ ಹೊರಟ ಮೈಸೂರಿನವರು ನಿಜದಲ್ಲಿ ತಮ್ಮ ಹುಟ್ಟೂರಿಗಿಂತ ತಗ್ಗಿಗೆ ಇಳಿಯುತ್ತಾರೆ! ಇದರಿಂದ ಒಂದು ಲಾಭವುಂಟು. ಈ ಎತ್ತರದಲ್ಲಿ ಪ್ರಾಣವಾಯುವಿನ ಕೊರತೆಯ ಮಾತೇ ಇಲ್ಲ. ಹೃದಯ ದುರ್ಬಲವಾದವರೂ ಆ ಭಯವಿಲ್ಲದೆ ಇರಬಹುದು. ಮೇಲಿನ ಮಸ್ಸೂರಿಯ ವಿಷಯ ಬೇರೆ. ಸುಮಾರು 2000 ಮೀಟರ್ ಎತ್ತರದ ಆ ಊರಿನಲ್ಲಿ ಒಂದೊಂದು ಉಸಿರಿಗೆ ದೊರೆಯುವ ಪ್ರಾಣವಾಯು ಸಮುದ್ರತೀರದಲ್ಲಿ ದೊರೆಯುವುದಕ್ಕಿಂತ ಐದರಲ್ಲೊಂದು ಪಾಲಿನಷ್ಟು ಕಡಿಮೆ. ಶ್ವಾಸಕೋಶ ಸವೆದವರು ಅಲ್ಲಿ ಮನೆ ಮಾಡುವ ಯೋಚನೆಯನ್ನು ವೈದ್ಯರ ಮುಂದಿಡದೆ ಮುಂದುವರಿಸಬಾರದು.

ಗಾಳಿಯ ಮಾತಿಗೆ ಬರೋಣ. ದೆಹಲಿಯ ಗಾಳಿಯಲ್ಲಿರುವ ಎರಡೂವರೆ ಮೈಕ್ರಾನಿಗಿಂತ ಸೂಕ್ಷ್ಮವಾದ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಮಿನ ಆಸುಪಾಸಿನಲ್ಲಿದೆ. ಭಾರತದ ಮಾನದಂಡ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 5. ಇಂತಹ ಗಾಳಿಯನ್ನು ಇಪ್ಪತ್ತು ಮೂವತ್ತು ವರ್ಷ ಸೇವಿಸಿದವರು ಓಡಿಹೋಗಬೇಕೆಂದು ಬಯಸಿದರೆ ಅದರಲ್ಲಿ ಆಶ್ಚರ್ಯವೇನಿದೆ? ಡೆಹ್ರಾಡೂನಿನ ಗಾಳಿ ದೆಹಲಿಯದಕ್ಕಿಂತ ನಿಶ್ಚಯವಾಗಿ ಮೇಲು. ಆದರೆ ಅದು ನಿರ್ಮಲವೆಂದು ತಿಳಿಯುವುದು ಭ್ರಮೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ ಗಾಳಿಯ ಮಾನದಂಡಗಳನ್ನು ಮುಟ್ಟಲಾಗದ ನಗರಗಳ ಪಟ್ಟಿಯಲ್ಲಿ ಡೆಹ್ರಾಡೂನಿನ ಹೆಸರೂ ಸೇರಿತು.

ಇದಕ್ಕೆ ಕಾರಣ ಊರಿನ ಆಕಾರದಲ್ಲಿಯೇ ಇದೆ. ಉತ್ತರಕ್ಕೆ ಹಿಮಾಲಯದ ಮೊದಲ ಸಾಲು, ದಕ್ಷಿಣಕ್ಕೆ ಶಿವಾಲಿಕ ಬೆಟ್ಟಗಳು. ನಡುವೆ ಬಟ್ಟಲಿನಂತಹ ಕಣಿವೆ. ‘ದೂನ್’ ಎಂದರೆ ಇಂತಹ ಕಣಿವೆಯೇ. ಚಳಿಗಾಲದ ರಾತ್ರಿ ಬೆಟ್ಟದ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ಬಟ್ಟಲಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ವಾಹನಗಳ ಹೊಗೆ, ಕಸ ಸುಟ್ಟ ಹೊಗೆ, ಕಟ್ಟಡಗಳ ಧೂಳು ಇವೆಲ್ಲ ಬಿಸಿಲೇರುವವರೆಗೆ ಆ ಮುಚ್ಚಳದ ಕೆಳಗೇ ಉಳಿಯುತ್ತವೆ. ವೃದ್ಧರು ಬೆಳಗಿನ ನಡಿಗೆಗೆ ಹೊರಡುವ ಹೊತ್ತೂ ಅದೇ. ಡಿಸೆಂಬರ್ ಜನವರಿಗಳಲ್ಲಿ ನಡಿಗೆಯನ್ನು ಹತ್ತು ಗಂಟೆಯ ಬಿಸಿಲಿಗೆ ಮುಂದೂಡುವುದು ಶ್ವಾಸಕೋಶಕ್ಕೂ ಹಿತ, ಹೃದಯಕ್ಕೂ ಹಿತ. ಚಳಿಗೆ ರಕ್ತನಾಳಗಳು ಸಂಕುಚಿತವಾಗಿ ರಕ್ತದೊತ್ತಡ ಏರುವುದು ಬೆಳಗಿನ ಜಾವದಲ್ಲಿ ಹೆಚ್ಚು. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಹೊತ್ತಿಸಿ ಮಲಗುವುದಂತೂ ಪ್ರಾಣಕ್ಕೆ ಎರವಾದೀತು.

ಊರು ಬೆಳೆದ ವೇಗವನ್ನೂ ಗಮನಿಸಬೇಕು. ಗುರು ರಾಮರಾಯರ ಡೇರೆಯಿಂದ ‘ಡೇರಾ’ ಎಂಬ ಹೆಸರು ಪಡೆದ ಈ ಊರು ಬಹುಕಾಲ ಲಿಚಿ ತೋಟಗಳಿಗೆ, ಬಾಸುಮತಿ ಗದ್ದೆಗಳಿಗೆ, ನಿವೃತ್ತರ ಮೌನಕ್ಕೆ ಹೆಸರಾಗಿತ್ತು. ಕನ್ನಡಿಗರಿಗೆ ಇದು ತೀರ ಅಪರಿಚಿತವೂ ಅಲ್ಲ. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು ಆರಂಭಿಸಿದ ಕಾರ್ಯ ಮುಂದೆ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಾಗಿ ಬೆಳೆದು ಹಿಮಾಲಯ ಮುಟ್ಟಿತು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಇರುವುದು ಇದೇ ಡೆಹ್ರಾಡೂನಿನಲ್ಲಿ. ಅರಣ್ಯ ಸಂಶೋಧನಾಲಯ, ತೈಲ ಮತ್ತು ಅನಿಲ ನಿಗಮ, ಸೇನಾ ಅಕಾಡೆಮಿಗಳೂ ಇಲ್ಲಿಯೇ ಇವೆ. ನಡುವೆ ಸುಣ್ಣಕಲ್ಲಿನ ಗಣಿಗಳು ಮಸ್ಸೂರಿ ಬೆಟ್ಟವನ್ನು ಬೋಳುಗೈದವು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅನೇಕ ಗಣಿಗಳನ್ನು ಮುಚ್ಚಿಸಬೇಕಾಯಿತು. ಬೆಟ್ಟ ಹಸಿರಾಗತೊಡಗಿದ ಮೇಲೆ, 2000ದ ನವೆಂಬರಿನಲ್ಲಿ, ಊರು ಹೊಸ ರಾಜ್ಯದ ರಾಜಧಾನಿಯಾಯಿತು. ಜಿಲ್ಲೆಯ ಜನಸಂಖ್ಯೆ 2001ರಲ್ಲಿ 12.8 ಲಕ್ಷವಿದ್ದುದು 2011ರಲ್ಲಿ ಸುಮಾರು 17 ಲಕ್ಷಕ್ಕೇರಿತು. ತೋಟಗಳ ಜಾಗದಲ್ಲಿ ಬಹುಮಹಡಿ ಮನೆಗಳು ಎದ್ದವು. ಬೀದಿಬದಿಯ ಕಾಲುವೆಗಳನ್ನು ಮುಚ್ಚಿ ರಸ್ತೆ ಅಗಲಿಸಲಾಯಿತು. 2024ರ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟಿತು. ದೆಹಲಿಯಿಂದ ಓಡಿಬಂದವರೆಲ್ಲ ಸೇರಿ ಇನ್ನೊಂದು ಚಿಕ್ಕ ದೆಹಲಿಯನ್ನು ಕಟ್ಟುತ್ತಿದ್ದಾರೆಂದರೆ ಅತಿಶಯೋಕ್ತಿಯಾಗದು.

ಮಳೆಗಾಲದ ಮಾತು ಇದಕ್ಕಿಂತ ಗಂಭೀರ. ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಭಾಗ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಬೀಳುತ್ತದೆ. ಮಲೆನಾಡಿನವರಿಗೆ ಮಳೆ ಹೊಸದಲ್ಲ. ಆದರೆ ಹಿಮಾಲಯದ ಬುಡದ ಹೊಳೆಗಳ ಸ್ವಭಾವ ತುಂಗೆ ಶರಾವತಿಗಳದಲ್ಲ. ರಿಸ್ಪನಾ, ಬಿಂದಾಲ್ ಎಂಬ ಹೊಳೆಗಳು ಊರ ನಡುವೆಯೇ ಹರಿಯುತ್ತವೆ. ವರ್ಷದ ಹೆಚ್ಚು ಕಾಲ ಒಣಗಿದ ಕಲ್ಲುಹಾಸಿನಂತೆ ಕಾಣುವ ಅವುಗಳ ಪಾತ್ರದಂಚಿಗೆ ಮನೆಗಳು ಒತ್ತಿಕೊಂಡಿವೆ. 2025ರ ಸೆಪ್ಟೆಂಬರ್ ನಡುವಿನ ಒಂದು ರಾತ್ರಿ ಸಹಸ್ರಧಾರೆಯ ಕಡೆ ಸುರಿದ ಮಹಾಮಳೆಗೆ ಹೊಳೆಗಳು ಉಕ್ಕಿ ಮನೆ, ಅಂಗಡಿ, ಸೇತುವೆಗಳನ್ನು ಕೆಡವಿದವು, ಟಪಕೇಶ್ವರ ದೇವಾಲಯಕ್ಕೂ ನೀರು ನುಗ್ಗಿತು, ಪ್ರಾಣಹಾನಿಯೂ ಆಯಿತು. ಭೂಕಂಪದ ಅಪಾಯ ಹೆಚ್ಚಿರುವ ಪ್ರದೇಶವಿದೆಂಬುದೂ ನೆನಪಿರಬೇಕು. ನಿವೇಶನ ತೋರಿಸುವ ದಲ್ಲಾಳಿ ಬೆಟ್ಟದ ನೋಟವನ್ನು ತೋರಿಸುತ್ತಾನೆಯೇ ಹೊರತು ಹೊಳೆಯ ಹಳೆಯ ದಾರಿಯನ್ನು ತೋರಿಸುವುದಿಲ್ಲ. ಅದನ್ನು ಅಲ್ಲಿಯ ಹಿರಿಯ ಅಂಗಡಿಯವರನ್ನೋ ಹಾಲಿನವರನ್ನೋ ಕೇಳಿ ತಿಳಿಯಬೇಕು. ನಗರದ ಎಲ್ಲೆಯಾಚೆ ಮನೆಗಾಗಿ ಜಮೀನು ಕೊಳ್ಳುವ ಹೊರರಾಜ್ಯದವರಿಗೆ 250 ಚದರ ಮೀಟರಿನ ಮಿತಿಯುಂಟು ಎಂಬುದನ್ನೂ ಕಾಗದಪತ್ರಕ್ಕೆ ಮುನ್ನ ಅರಿತಿರುವುದು ಲೇಸು.

ನೀರಿನ ಬಗ್ಗೆ ಹೆದರಬೇಕಾದುದಿಲ್ಲ. ಸುಣ್ಣಕಲ್ಲಿನ ನೆಲವಾದುದರಿಂದ ನೀರು ಗಡುಸು; ಬೇಳೆ ಬೇಯಲು ತಡ, ಸಾಬೂನು ನೊರೆಯೇಳಲು ತಡ, ಅಷ್ಟೆ.

ಆಸ್ಪತ್ರೆಗಳ ದೃಷ್ಟಿಯಿಂದ ಡೆಹ್ರಾಡೂನ್ ಹಿಂದಿನಂತಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಊರೊಳಗಿದೆ. ಜಾಲಿಗ್ರಾಂಟಿನಲ್ಲಿ ದೊಡ್ಡ ಆಸ್ಪತ್ರೆಯಿದೆ. ಹೃಷೀಕೇಶದಲ್ಲಿ ಏಮ್ಸ್ ಇದೆ. ಕೇಂದ್ರ ಸರ್ಕಾರದ ನಿವೃತ್ತರಿಗೆ ಸಿ.ಜಿ.ಎಚ್.ಎಸ್. ಸೌಲಭ್ಯವೂ ಉಂಟು, ದೆಹಲಿಯಷ್ಟು ಕೇಂದ್ರಗಳಿಲ್ಲದಿದ್ದರೂ. ಪ್ರಶ್ನೆಯಿರುವುದು ಆಸ್ಪತ್ರೆ ಇದೆಯೇ ಎಂಬುದರಲ್ಲಲ್ಲ. ಮಧ್ಯರಾತ್ರಿ ಎಷ್ಟು ನಿಮಿಷದಲ್ಲಿ ತಲುಪಬಹುದು ಎಂಬುದರಲ್ಲಿ. ಪಾರ್ಶ್ವವಾಯು ಬಡಿದಾಗ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೃದಯಾಘಾತದಲ್ಲಿ ಮೊದಲ ಗಂಟೆಯೇ ಅಮೂಲ್ಯ. ಪ್ರವಾಸಿಗರ ಕಾರುಗಳು ಮಸ್ಸೂರಿ ರಸ್ತೆಯನ್ನು ತುಂಬಿಕೊಳ್ಳುವ ಜೂನ್ ತಿಂಗಳ ಶನಿವಾರ ಸಂಜೆ, ರಾಜಪುರದ ಮೇಲ್ಭಾಗದ ಮನೆಯಿಂದ ಕೆಳಗಿನ ಆಸ್ಪತ್ರೆಗೆ ಒಮ್ಮೆ ಸುಮ್ಮನೆ ಕಾರಿನಲ್ಲಿ ಹೋಗಿ ಗಡಿಯಾರ ನೋಡಿದರೆ ಸಾಕು, ಮನೆಯ ನಿಜವಾದ ಬೆಲೆ ತಿಳಿಯುತ್ತದೆ.

ಉಳಿದಿರುವುದು ಜನರ ಮಾತು; ಎಲ್ಲಕ್ಕಿಂತ ಭಾರವಾದುದು ಇದೇ. ಕನ್ನಡಿಗರು ದೆಹಲಿಗೆ ಬಂದಾಗ ಇಪ್ಪತ್ತೈದರ ಹರೆಯ. ಹಿಂದಿ ಬಾರದಿದ್ದರೂ ಕಚೇರಿಯಿತ್ತು, ಸಂಬಳವಿತ್ತು, ಕರ್ನಾಟಕ ಸಂಘವಿತ್ತು, ಮಕ್ಕಳಿಗೆ ಲೋದಿ ಎಸ್ಟೇಟಿನ ಕನ್ನಡ ಶಾಲೆಯಿತ್ತು. ನಲವತ್ತು ವರ್ಷಗಳಲ್ಲಿ ಹುರಿಗೊಂಡ ಈ ನಂಟನ್ನು ಅರವತ್ತೆಂಟರ ವಯಸ್ಸಿನಲ್ಲಿ ಮತ್ತೆ ಹೊಸೆಯುವುದು ಸುಲಭವಲ್ಲ. ಒಂಟಿತನವು ರಕ್ತದೊತ್ತಡ, ಹೃದ್ರೋಗ, ಮರೆವಿನ ಕಾಯಿಲೆಗಳ ಅಪಾಯವನ್ನು ಹೆಚ್ಚಿಸುತ್ತದೆಂಬುದು ವೈದ್ಯರು ಒಪ್ಪಿದ ಮಾತು. ಮರೆವು ಆವರಿಸಿದಾಗ ನಡುವೆ ಕಲಿತ ಭಾಷೆಗಳು ಮೊದಲು ಜಾರಿ ತಾಯ್ನುಡಿ ಉಳಿದುಕೊಳ್ಳುವ ಉದಾಹರಣೆಗಳೂ ಕಡಿಮೆಯಿಲ್ಲ. ಆಗ ‘ನೀರು’ ಎಂದರೆ ‘ಪಾನಿ’ ಎಂದು ತಿಳಿಯುವವರು ಹಾಸಿಗೆಯ ಬಳಿ ಯಾರಿರುತ್ತಾರೆ?

ಈ ನಷ್ಟ ಗಂಡಹೆಂಡಿರಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದನ್ನು ಮನೆಯ ಯಜಮಾನರು ಮರೆಯುತ್ತಾರೆ. ಅವರಿಗೆ ಪತ್ರಿಕೆ, ದೂರದರ್ಶನ, ಬೆಳಗಿನ ನಡಿಗೆಯ ಗೆಳೆಯರು ಎಲ್ಲಿಯಾದರೂ ದೊರೆತಾರು. ಆದರೆ ಗೃಹಿಣಿಯು ಭಜನಾ ಮಂಡಳಿಯಲ್ಲಿ, ಗೌರಿಹಬ್ಬದ ಬಾಗಿನದಲ್ಲಿ, ನೆರೆಮನೆಯಾಕೆಯೊಡನೆ ಹಂಚಿಕೊಂಡ ಹುಳಿಪುಡಿಯಲ್ಲಿ ಕಟ್ಟಿಕೊಂಡ ಲೋಕ ಲಾರಿಯಲ್ಲಿ ಸಾಗುವ ಸರಕಲ್ಲ. ಬೆಟ್ಟ ಕಾಣುವ ಬಾಲ್ಕನಿಯ ಕನಸು ಸಾಮಾನ್ಯವಾಗಿ ಒಬ್ಬರದು. ಅದರ ಬೆಲೆ ತೆರುವವರು ಇನ್ನೊಬ್ಬರು.

ಹಾಗಾದರೆ ಯಾರೂ ಹೋಗಬಾರದೇ? ಹೋಗಬಹುದು. ದಮ್ಮು, ಉಬ್ಬಸಗಳಿಂದ ಪ್ರತಿ ಚಳಿಗಾಲವೂ ಆಸ್ಪತ್ರೆ ಸೇರುವವರಿಗೆ ದೆಹಲಿಯ ಹೊರಗೆ ಕಳೆಯುವ ಒಂದೊಂದು ತಿಂಗಳೂ ಲಾಭವೇ. ಅಂತಹವರು ಅರವತ್ತೈದರ ಒಳಗೆ, ಕೈಕಾಲು ಗಟ್ಟಿಯಿರುವಾಗ, ಹೊಸಬರೊಡನೆ ಬೆರೆಯುವ ಹುರುಪು ಉಳಿದಿರುವಾಗ ಹೋಗಬೇಕು, ಎಂಬತ್ತಕ್ಕೆ ಕಾಯಬಾರದು. ಒಂಟಿಯಾಗಿರುವವರು, ಮರೆವಿನ ಸೂಚನೆ ಕಂಡವರು, ವಾರಕ್ಕೆರಡು ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇದ್ದಲ್ಲಿಯೇ ಇರುವುದು ಕ್ಷೇಮ. ಇವರಲ್ಲಿ ಶಕ್ತರಾದವರು ಗಾಳಿ ತೀರ ಕೆಡುವ ನವೆಂಬರಿನಿಂದ ಜನವರಿಯವರೆಗೆ ಕರ್ನಾಟಕದ ಬಂಧುಗಳಲ್ಲಿ ಇದ್ದು ಬರಬಹುದು. ಕನ್ನಡ ಕಿವಿಗೆ ಬೀಳುವ ಆ ಮೂರು ತಿಂಗಳು ಔಷಧದಂಗಡಿಯಲ್ಲಿ ದೊರೆಯುವ ವಸ್ತುವಲ್ಲ.

ಹೊರಡಲೇಬೇಕೆಂದು ನಿಶ್ಚಯಿಸಿದವರು ಮನೆ ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಲಿ. ಕರಾರು ಜುಲೈ ಒಂದರಿಂದ ಆರಂಭವಾಗಲಿ: ಮೊದಲು ಮಳೆ, ಬಳಿಕ ಜನವರಿಯ ಮಂಜು, ಕೊನೆಗೆ ಮೇ ಜೂನ್‌ಗಳ ಬಿಸಿಲು ಮತ್ತು ಪ್ರವಾಸಿಗರ ದಟ್ಟಣೆ. ಅಲ್ಲಿಯವರೆಗೆ ದೆಹಲಿಯ ಮನೆಯನ್ನು ಮಾರುವ ಮಾತು ಬೇಡ. ಅದರ ಒಂದು ಬೀಗದ ಕೈ ನೆರೆಯ ಕನ್ನಡಿಗರ ಮನೆಯಲ್ಲಿಯೇ ಇರಲಿ.