ಗುಡ್ಡ ನೋಡಾಕ ಬಂದವರಿಗೆ ಕೇರಿ ಯಾಕ ಕಾಣಸಲ್ಲ?



ಈಗೀಗ ನಮ್ಮ ರಾಯಚೂರು ಕಡೀಗೂ ಗುಡ್ಡ ಹತ್ತಿ, ಕೋಟೆ ನೋಡಿ, ಫೋಟೊ ಹಾಕೋ ಮಂದಿ ಹೆಚ್ಚಾಗ್ಯಾರ. ಒಳ್ಳೇದು. ಬಿಸಿಲೂರು, ಗುಳೇ ಹೋಗೋರ ಊರು ಅಂತ ಮಾತ್ರ ಹೇಳಿಸಿಕೊಂಡ ನಾಡಿದು. ಕೃಷ್ಣಾ, ತುಂಗಭದ್ರೆ ನಡುವಿನ ಈ ಬಂಡೆಗುಡ್ಡಗಳೊಳಗ ಸಾವಿರಾರು ವರ್ಷಗಳ ಚರಿತ್ರೆ ಐತಿ ಅಂತ ಎಲ್ಲರಿಗೂ ತಿಳಿಯಲಿ. ಆದರೆ ನನ್ನದೊಂದು ತಕರಾರು: ಆ ಚರಿತ್ರೆಯೊಳಗೆ ನಾವೆಲ್ಲಿ?

ರಾಯಚೂರು ಕೋಟೆಗೇ ಬರ್ರಿ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕಟ್ಟಿಸಿದ್ದು. ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಶಾಸನ ಐತಿ. ಆ ಕಲ್ಲನ್ನು ಬಂಡಿ ಮೇಲೆ ಹೇರಿ ತರುವ ಚಿತ್ರವನ್ನೂ ಗೋಡೆಯಲ್ಲಿ ಕೆತ್ತ್ಯಾರ. ಎಳೆಯುವ ದನಗಳ ಸಾಲು, ಗಾಲಿಗೆ ಮರದ ತುಂಡು ಕೊಟ್ಟು ದೂಡುವ ಆಳುಗಳು. ಕೋಟೆ ಕಟ್ಟಿಸಿದ ಗೋರೆ ಗಂಗಯ್ಯನ ಹೆಸರು ಉಳೀತು. ಗಾಲಿ ದೂಡಿದವರ ಹೆಸರು ಇಲ್ಲ. ಆದರೂ ಕೆತ್ತಿದ ಕೈ ಅವರನ್ನ ಬಿಟ್ಟಿಲ್ಲ. ಈಗಿನ ಬೋರ್ಡು ಬರೆಯೋರೇ ಅವರನ್ನ ಬಿಡತಾರ.

ಇನ್ನು ಮಸ್ಕಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅಲ್ಲಿನ ಬಂಡೆ ಮೇಲೆ ಅಶೋಕನ ಶಾಸನ ಕಂಡ. ಅಲ್ಲೀತನಕ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅನ್ನೋಂಥ ಬಿರುದುಗಳಷ್ಟೇ ಇದ್ದವು. 'ಅಶೋಕ' ಅನ್ನೋ ಹೆಸರು ಮೊದಲ ಸಲ ಕಂಡದ್ದು ನಮ್ಮ ಮಸ್ಕಿಯಲ್ಲಿ. ಶಾಲೆಯೊಳಗ ಇಷ್ಟು ಹೇಳಿ ಮುಗಿಸ್ತಾರ. ಆ ಬಂಡೆ ಏನು ಹೇಳ್ತದ ಅಂತ ಎಷ್ಟು ಮಾಸ್ತರರು ಹೇಳ್ಯಾರ? ಧಮ್ಮದ ಗುರಿ ಮುಟ್ಟೋದು ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳೀಬ್ಯಾಡ್ರಿ, ಸಣ್ಣವರೂ ಮುಟ್ಟಬಹುದು, ಇದನ್ನ ಇಬ್ಬರಿಗೂ ಹೇಳ್ರಿ. ಇದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ಮಣ್ಣಲ್ಲಿ ಬರೆದ ಮಾತು. ನಮ್ಮ ಮಕ್ಕಳಿಗೆ ಹೆಸರಿನ ಜೊತೆ ಈ ಮಾತೂ ಬೇಕು.

ಕೆಲವು ವರ್ಷದ ಹಿಂದೆ ದೇವದುರ್ಗ ತಾಲೂಕಿನ ಒಂದು ಊರಿಗೆ ಹಾಸ್ಟೆಲ್ ಹುಡುಗರನ್ನ ಹಳೇ ಗುಡಿ ತೋರಿಸಾಕ ಕರಕೊಂಡು ಹೋಗಿದ್ದೆ. ಕಟ್ಟೆ ಮೇಲೆ ಕುಂತ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ಯಾವ ಪೈಕಿ ತಮ್ಮಾ?" ಹೇಳಿದೆ. "ಶಾಸನ ಹೊರಗೂ ಐತಿ, ಅದನ್ನ ನೋಡ್ಕೊಂಡು ಹೋಗ್ರಿ" ಅಂದರು. ಬೈಲಿಲ್ಲ, ಬಡೀಲಿಲ್ಲ. ಹುಡುಗರು ವಾಪಸ್ ಬರೋ ಬಸ್ಸಿನಾಗ ಯಾರೂ ಮಾತಾಡಲಿಲ್ಲ.

ಬಾಬಾಸಾಹೇಬರಿಗೂ ಇದೇ ಆಗಿತ್ತು. 1934ರಲ್ಲಿ ಗೆಳೆಯರ ಜೊತೆ ವೆರೂಳದ ಬೌದ್ಧ ಗವಿಗಳನ್ನ ನೋಡಾಕ ಹೊರಟವರು ದಾರಿಯಲ್ಲಿ ದೌಲತಾಬಾದ್ ಕೋಟೆಗೆ ಹೋದರು. ಬಾಗಿಲ ಬಳಿ ಇದ್ದ ಹೊಂಡದಲ್ಲಿ ಮುಖ, ಕಾಲು ತೊಳಕೊಂಡದ್ದಕ್ಕೆ 'ನೀರು ಮೈಲಿಗೆಯಾಯ್ತು' ಅಂತ ಗಲಾಟೆ. ಒಳಗೆ ಎಲ್ಲೂ ನೀರು ಮುಟ್ಟಬಾರದು ಅಂತ ಷರತ್ತು, ಜೊತೆಗೊಬ್ಬ ಬಂದೂಕಿನ ಕಾವಲುಗಾರ. ಆಗ ದೌಲತಾಬಾದೂ ನಿಜಾಮನ ರಾಜ್ಯ, ನಮ್ಮ ರಾಯಚೂರೂ ನಿಜಾಮನ ರಾಜ್ಯ. ಮೈಲಿಗೆಗೆ ಧರ್ಮದ ಗಡಿ ಇರಲಿಲ್ಲ.

ಅವರೇ ಮುಂದೆ ಸಂವಿಧಾನ ಬರೆದರು. 49ನೇ ವಿಧಿ ಸ್ಮಾರಕ ಕಾಪಾಡ್ರಿ ಅಂತದ. 17ನೇ ವಿಧಿ ಅಸ್ಪೃಶ್ಯತೆ ರದ್ದು ಅಂತದ. 15(2) ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲರವು ಅಂತದ. ಕಲ್ಲು ಕಾಪಾಡೋ ಸರ್ಕಾರ ಕಲ್ಲಿನ ಹತ್ತಿರ ಹೋಗೋ ನಮ್ಮ ಹಕ್ಕನ್ನೂ ಕಾಪಾಡಬೇಕಲ್ಲ?

ಅದಕ್ಕೇ ನನ್ನ ಕೇಳಿಕೆ ಇಷ್ಟು. ಮಸ್ಕಿ ಬಂಡೆಯ ಅರ್ಥ ಸರಳ ಕನ್ನಡದಲ್ಲಿ ದೊಡ್ಡದಾಗಿ ಬರೆಸ್ರಿ. ಗೈಡ್ ತರಬೇತಿಯಲ್ಲಿ ಕೇರಿಯ ಹುಡುಗ ಹುಡುಗಿಯರಿಗೆ ಮೊದಲ ಜಾಗ ಕೊಡ್ರಿ. ಗಬ್ಬೂರಿನ ಶಿಲ್ಪ, ಮುದಗಲ್ ಕೋಟೆ ತೋರಿಸುವಾಗ ಕಲ್ಲು ಹೊತ್ತವರು, ಹಗ್ಗ ಹೊಸೆದವರು, ಮಿಣಿ ಮಾಡಿದವರು ಯಾರು ಅಂತಲೂ ಹೇಳ್ರಿ.

ಸರ್ಕಾರ ಮಾಡೋತನಕ ಕಾಯೋದು ಬ್ಯಾಡ. ಮಾನ್ವಿ, ದೇವದುರ್ಗ, ರಾಯಚೂರಿನ ಗೆಳೆಯರೇ, ನವೆಂಬರ್ 26ರ ಸಂವಿಧಾನ ದಿನಕ್ಕೆ ನಿಮ್ಮ ಕೇರಿಯ ಮಕ್ಕಳನ್ನ ಮಸ್ಕಿಗೆ ಕರಕೊಂಡು ಬರ್ರಿ. ಬಂಡೆ ಮುಂದ ಕುಂತು ಸಂವಿಧಾನದ ಪೀಠಿಕೆ ಓದೋಣ. ಯಾರಾದರೂ "ಯಾವ ಪೈಕಿ?" ಅಂತ ಕೇಳಿದರೆ ಮಕ್ಕಳೇ ಹೇಳಲಿ: ಈ ಬಂಡೆ ಪೈಕಿ.

ಜೈಭೀಮ್.